ತಲಕಾಯಲಬೆಟ್ಟದ ಸೊಳ್ಳೆ, ಕೋಲಾರದ ವೈರಾಣು

2023ರ ಅಕ್ಟೋಬರ್ ಕೊನೆಯಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದ ಹೆಸರು ರಾಜ್ಯದ ಪತ್ರಿಕೆಗಳಲ್ಲೆಲ್ಲ ಬಂತು. ಸೊಳ್ಳೆಯಿಂದ ಹರಡುವ, ಬಸುರಿಯ ಕೂಸಿಗೆ ಹಾನಿ ಮಾಡುವ ಝಿಕಾ ಕಾಯಿಲೆ ಊರಿನಲ್ಲಿ ಯಾರಿಗೂ ಬಂದಿರಲಿಲ್ಲ. ಝಿಕಾ ಸಿಕ್ಕಿದ್ದು ಸೊಳ್ಳೆಯಲ್ಲಿ. ಆಗಸ್ಟ್ ತಿಂಗಳಲ್ಲಿ ರಾಜ್ಯದ ಬೇರೆ ಬೇರೆ ಕಡೆಯಿಂದ ಹಿಡಿದು ಪರೀಕ್ಷೆಗೆ ಕಳಿಸಿದ್ದ ಸುಮಾರು 100 ಸೊಳ್ಳೆ ಮಾದರಿಗಳಲ್ಲಿ ಆರು ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯವು. ಐದರಲ್ಲಿ ಏನೂ ಇರಲಿಲ್ಲ, ಒಂದರಲ್ಲಿ ವೈರಾಣು ಇತ್ತು. ಆರೋಗ್ಯ ಇಲಾಖೆಯವರು ಊರಿನ ಸುತ್ತಲಿನ 5 ಕಿಲೋಮೀಟರ್ ವ್ಯಾಪ್ತಿಯ ಹಳ್ಳಿಗಳಲ್ಲಿ ಮನೆಮನೆ ಸಮೀಕ್ಷೆ ಮಾಡಿದರು. ಗರ್ಭಿಣಿಯರ ರಕ್ತ, ಜ್ವರ ಇದ್ದವರ ರಕ್ತ ಬೆಂಗಳೂರಿಗೆ ಹೋಯಿತು. ಯಾರಲ್ಲೂ ಝಿಕಾ ಕಾಣಲಿಲ್ಲ. ಸುದ್ದಿ ತಣ್ಣಗಾಯಿತು.

ಜನ ನಿಟ್ಟುಸಿರು ಬಿಟ್ಟು ಮರೆತ ಈ ಸಂಗತಿ ನನ್ನ ಮಟ್ಟಿಗೆ ನಮ್ಮ ಜಿಲ್ಲೆಯ ಇತ್ತೀಚಿನ ಚರಿತ್ರೆಯಲ್ಲಿ ಬಹಳ ದೊಡ್ಡದು. ಕಾಯಿಲೆಯೇ ಇಲ್ಲದ ಊರಿನಲ್ಲಿ ಕಾಯಿಲೆಯ ವೈರಾಣು ಸುಳಿದಾಡುತ್ತಿದೆ ಎಂದು ಮೊದಲೇ ಗೊತ್ತಾಗುವುದು ಸಣ್ಣ ಮಾತಲ್ಲ. ಅದಕ್ಕೆ ಎಷ್ಟು ಜನ, ಎಷ್ಟು ಊರು, ಎಷ್ಟು ದೇಶ ಕೈಜೋಡಿಸಬೇಕಾಯಿತು ಎನ್ನುವುದನ್ನು ಒಮ್ಮೆ ಬಿಡಿಸಿ ನೋಡಬೇಕು. ಹಾಗೆ ನೋಡುವಾಗ ಈ ಕೂಡುಕೆಲಸ ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಎನ್ನುವುದೂ ಕಾಣುತ್ತದೆ.

ಮೊದಲು ಸೊಳ್ಳೆ ಹಿಡಿಯುವವರಿಂದ ಶುರುಮಾಡೋಣ. ಝಿಕಾ, ಡೆಂಗಿ, ಚಿಕೂನ್‌ಗುನ್ಯ ಮೂರನ್ನೂ ಹೊತ್ತು ತಿರುಗುವುದು ಈಡಿಸ್ ಎಂಬ ಪಟ್ಟೆಪಟ್ಟೆ ಸೊಳ್ಳೆ. ಕಚ್ಚುವುದು ಹಗಲಿನಲ್ಲಿ. ಹೊಟ್ಟೆ ತುಂಬಿದ ಮೇಲೆ ಮನೆಯ ಕತ್ತಲ ಮೂಲೆಗಳಲ್ಲಿ ಕೂರುತ್ತದೆ: ಮಂಚದ ಕೆಳಗೆ, ಗಳುವಿಗೆ ನೇತುಹಾಕಿದ ಬಟ್ಟೆಯ ಹಿಂದೆ, ಮೂಟೆಗಳ ಸಂದಿಯಲ್ಲಿ. ಕೀಟ ಸಂಗ್ರಾಹಕರ ಕೈಯಲ್ಲಿ ಇರುವುದು ಒಂದು ಟಾರ್ಚು, ಒಂದು ಹೀರುಗೊಳವೆ, ಬಾಯಿಗೆ ಹತ್ತಿ ತುರುಕಿದ ಕೆಲವು ಗಾಜಿನ ನಳಿಕೆ. ಕೊಳವೆಯ ಒಂದು ತುದಿಯನ್ನು ಗೋಡೆಯ ಮೇಲೆ ಕೂತ ಸೊಳ್ಳೆಗೆ ಹಿಡಿದು ಇನ್ನೊಂದು ತುದಿಯಿಂದ ಮೆಲ್ಲಗೆ ಉಸಿರೆಳೆದರೆ ಸೊಳ್ಳೆ ಒಳಗೆ ಬಂದು ಬೀಳುತ್ತದೆ. ನಡುವೆ ಜಾಲರಿ ಇರುವುದರಿಂದ ಬಾಯಿಗೆ ಬರುವುದಿಲ್ಲ. ಜೋರಾಗಿ ಎಳೆದರೆ ಕಾಲು, ರೆಕ್ಕೆ ಮುರಿದು ಯಾವ ಜಾತಿಯದೆಂದು ಗುರುತಿಸುವುದೇ ಕಷ್ಟವಾಗುತ್ತದೆ.

ಹಿಡಿದ ಸೊಳ್ಳೆಗಳನ್ನು ತಣ್ಣನೆಯ ತಟ್ಟೆಯ ಮೇಲೆ ಹರಡಿ, ಸೂಕ್ಷ್ಮದರ್ಶಕದ ಅಡಿಯಲ್ಲಿ ಜಾತಿ ಜಾತಿಯಾಗಿ, ಗಂಡು ಹೆಣ್ಣಾಗಿ ಬೇರ್ಪಡಿಸುತ್ತಾರೆ. ಒಂದೇ ಜಾಗದ, ಒಂದೇ ಜಾತಿಯ ಹೆಣ್ಣು ಸೊಳ್ಳೆಗಳ ಗುಂಪನ್ನು ಒಂದು ಪುಟ್ಟ ಸೀಸೆಗೆ ಹಾಕುತ್ತಾರೆ. ಲೆಕ್ಕದಲ್ಲಿ ಒಂದು ಮಾದರಿ ಎಂದರೆ ಇಂಥ ಒಂದು ಗುಂಪು. ಸೀಸೆಯ ಮೇಲಿನ ಚೀಟಿಯಲ್ಲಿ ಊರು, ತಾರೀಖು, ಜಾತಿ. ಆ ಚೀಟಿ ತಪ್ಪಿದರೆ ಮುಂದಿನ ವಿಜ್ಞಾನವೆಲ್ಲ ತಪ್ಪು ಊರಿನ ಬಾಗಿಲು ತಟ್ಟುತ್ತದೆ. ಝಿಕಾದ ತಳಿದ್ರವ್ಯ ಆರ್‌ಎನ್‌ಎ. ಬಿಸಿಲು ತಾಗಿದರೆ ಅದು ಚೂರುಚೂರಾಗುವುದರಿಂದ ಸೀಸೆಗಳು ಡ್ರೈ ಐಸ್‌ನಲ್ಲೋ ದ್ರವ ಸಾರಜನಕದಲ್ಲೋ ಕೂತು ಪ್ರಯಾಣ ಮಾಡಬೇಕು.

ಪ್ರಯೋಗಾಲಯದಲ್ಲಿ ಸೊಳ್ಳೆಗಳನ್ನು ಅರೆದು, ಆರ್‌ಎನ್‌ಎ ಬೇರ್ಪಡಿಸಿ, ಪಿಸಿಆರ್ ಯಂತ್ರಕ್ಕೆ ಹಾಕುತ್ತಾರೆ. ಕೊರೊನಾ ಕಾಲದಲ್ಲಿ ನಾವೆಲ್ಲ ಕೇಳಿದ ಅದೇ ಆರ್‌ಟಿ-ಪಿಸಿಆರ್. ಯಂತ್ರ ತಾನಾಗಿ ಏನನ್ನೂ ಹುಡುಕುವುದಿಲ್ಲ. ಯಾವ ವೈರಾಣುವನ್ನು ಹುಡುಕಬೇಕೋ ಅದರ ತಳಿಸಂಕೇತಕ್ಕೆ ಹೊಂದಿಕೊಳ್ಳುವ ಚಿಕ್ಕ ತುಣುಕೊಂದನ್ನು, ಅಂದರೆ ಪ್ರೈಮರ್ ಅನ್ನು, ನಾವು ಕೊಡಬೇಕು. ಆ ತುಣುಕನ್ನು ರೂಪಿಸಬೇಕಾದರೆ ಉಗಾಂಡದಿಂದ ಬ್ರೆಜಿಲ್‌ವರೆಗೆ ಯಾರ್ಯಾರೋ ಓದಿ ಎಲ್ಲರಿಗೂ ಸಿಗುವಂತೆ ಇಟ್ಟ ಝಿಕಾ ತಳಿಸಂಕೇತಗಳು ಬೇಕು. ಅವರು ಅದನ್ನು ಬೀರುವಿನಲ್ಲಿ ಬಚ್ಚಿಟ್ಟಿದ್ದರೆ ತಲಕಾಯಲಬೆಟ್ಟದ ಸೊಳ್ಳೆ ಬರೀ ಸೊಳ್ಳೆಯಾಗಿಯೇ ಉಳಿಯುತ್ತಿತ್ತು.

ಝಿಕಾ ಮನುಷ್ಯರ ಕಣ್ಣಿಗೆ ಬಿದ್ದದ್ದೇ ಬೇರೆ ಯಾವುದನ್ನೋ ಹುಡುಕುವಾಗ. 1947ರಲ್ಲಿ ಉಗಾಂಡದ ಎಂಟೆಬೆ ಪಟ್ಟಣದ ಪಕ್ಕದ ಝಿಕಾ ಕಾಡಿನಲ್ಲಿ, ಮರದ ಮೇಲೆ ಕಟ್ಟಿದ ಅಟ್ಟಣಿಗೆಯಲ್ಲಿ ಪಂಜರದ ಮಂಗಗಳನ್ನು ಇಟ್ಟು ಸಂಶೋಧಕರು ಕಾಯುತ್ತಿದ್ದರು. ಹಳದಿ ಜ್ವರದ ವೈರಾಣು ಎಲ್ಲಿ ಓಡಾಡುತ್ತಿದೆ ಎಂದು ತಿಳಿಯುವುದು ಅವರ ಉದ್ದೇಶ. ಒಂದು ಮಂಗಕ್ಕೆ ಜ್ವರ ಬಂತು. ಅದರ ರಕ್ತದಲ್ಲಿ ಸಿಕ್ಕಿದ್ದು ಹೊಸ ವೈರಾಣು. ಮರುವರ್ಷ ಅದೇ ಕಾಡಿನ ಸೊಳ್ಳೆಯಲ್ಲೂ ಸಿಕ್ಕಿತು. ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನ ಎಂಟೆಬೆಯಲ್ಲಿ ಕಟ್ಟಿದ್ದ ಆ ಸಂಸ್ಥೆಗೂ ನಮ್ಮ ದೇಶಕ್ಕೂ ಸಂಬಂಧ ಬೇಗನೆ ಬೆಳೆಯಿತು. 1952ರಲ್ಲಿ ಅದೇ ಪ್ರತಿಷ್ಠಾನ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ಪುಣೆಯಲ್ಲಿ ವೈರಾಣು ಸಂಶೋಧನಾ ಕೇಂದ್ರ ತೆರೆದವು. ಎಂಟೆಬೆಯಲ್ಲಿ ಕೆಲಸ ಮಾಡಿದ್ದ ಕೆನೆತ್ ಸ್ಮಿತ್‌ಬರ್ನ್ ಪುಣೆಗೆ ಬಂದರು. ದೇಶದ ಹಲವು ಕಡೆಯ ಜನರ ರಕ್ತವನ್ನು ಪರೀಕ್ಷಿಸಿ ಅವರ ತಂಡ 1954ರಲ್ಲಿ ಪ್ರಕಟಿಸಿದ ವರದಿಯಲ್ಲಿ ಝಿಕಾ ವಿರುದ್ಧದ ಪ್ರತಿಕಾಯಗಳ ಗುರುತು ಇತ್ತು. ಅದೇ ಕುಟುಂಬದ ಬೇರೆ ವೈರಾಣುಗಳೂ ರಕ್ತದಲ್ಲಿ ಇದೇ ಥರದ ಗುರುತು ಬಿಡುವುದರಿಂದ ಆ ಪರೀಕ್ಷೆಯನ್ನು ಪೂರ್ತಿ ನೆಚ್ಚುವಂತಿರಲಿಲ್ಲ. ಹಾಗಾಗಿ ಮಾತು ಅಲ್ಲಿಗೇ ನಿಂತಿತು. ಬ್ರೆಜಿಲ್‌ನಲ್ಲಿ ತಲೆ ಚಿಕ್ಕದಾಗಿ ಹುಟ್ಟಿದ ಕೂಸುಗಳನ್ನು ಕಂಡು 2016ರ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತುರ್ತುಸ್ಥಿತಿ ಘೋಷಿಸಿದ ಮೇಲೆ ಭಾರತದಲ್ಲೂ ಹುಡುಕಾಟ ಬಿಗಿಯಾಯಿತು. ಕರ್ನಾಟಕದ ಮೊದಲ ಪ್ರಕರಣ 2022ರ ಡಿಸೆಂಬರ್‌ನಲ್ಲಿ ರಾಯಚೂರು ಜಿಲ್ಲೆಯ ಐದು ವರ್ಷದ ಬಾಲಕಿಯಲ್ಲಿ ಪತ್ತೆಯಾಯಿತು. ಪತ್ತೆ ಮಾಡಿದ್ದು ಪುಣೆಯ ಅದೇ ಸಂಸ್ಥೆ. 1978ರಿಂದ ಅದರ ಹೆಸರು ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ.

ಪುಣೆಯ ಈ ಸಂಸ್ಥೆಗೂ ನಮ್ಮ ಕಡೆಗೂ ಇರುವ ನಂಟು ಝಿಕಾದಿಂದ ಶುರುವಾದದ್ದಲ್ಲ. ಅದು ಹಳೆಯದು, ನೋವಿನದು.

ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೆ ಮುಂಚೆ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ ಎಲ್ಲವೂ ಕೋಲಾರ ಜಿಲ್ಲೆಯವೇ. 1970ರ ದಶಕದ ಕೊನೆಯಿಂದ 1980ರ ದಶಕದ ಉದ್ದಕ್ಕೂ ಕೋಲಾರ ಜಿಲ್ಲೆಯನ್ನು ಕಾಡಿದ್ದು ಮಿದುಳುಜ್ವರ. ಕೆರೆ ತುಂಬಿ, ಕೆಳಗಿನ ಗದ್ದೆಯಲ್ಲಿ ನೀರು ನಿಂತರೆ ಕ್ಯೂಲೆಕ್ಸ್ ಜಾತಿಯ ಸೊಳ್ಳೆ ಹೆಚ್ಚುತ್ತದೆ. ಗದ್ದೆಗೆ ಇಳಿಯುವ ಬೆಳ್ಳಕ್ಕಿ, ಕೊಕ್ಕರೆಗಳ ಮೈಯಲ್ಲೂ ಊರಂಚಿನ ಹಂದಿಗಳ ಮೈಯಲ್ಲೂ ಜಪಾನೀಸ್ ಮಿದುಳುಜ್ವರದ ವೈರಾಣು ಬೆಳೆಯುತ್ತದೆ. ಅವುಗಳನ್ನು ಕಚ್ಚಿದ ಸೊಳ್ಳೆ ಮಗುವನ್ನೂ ಕಚ್ಚುತ್ತದೆ. ಬಹುಪಾಲು ಮಕ್ಕಳಿಗೆ ಏನೂ ಆಗುವುದಿಲ್ಲ. ಆದರೆ ಕೆಲವರಿಗೆ ಜ್ವರ ನೆತ್ತಿಗೇರಿ, ಫಿಟ್ಸ್ ಬಂದು, ಪ್ರಜ್ಞೆ ತಪ್ಪುತ್ತದೆ. ಬದುಕುಳಿದವರಲ್ಲೂ ಅನೇಕರಿಗೆ ಕೈಕಾಲಿನ ಸ್ವಾಧೀನ, ಮಾತು, ನೆನಪು ಮೊದಲಿನಂತೆ ಬರುವುದಿಲ್ಲ.

ಅಂಥ ಮಕ್ಕಳು ಬೆಂಗಳೂರಿನ ನರರೋಗ ಆಸ್ಪತ್ರೆ ನಿಮ್ಹಾನ್ಸ್‌ಗೆ ಬರುತ್ತಿದ್ದರು. ಪುಣೆಯ ಸಂಸ್ಥೆಯ ಬೆಂಗಳೂರು ಘಟಕವೂ ಇದೇ ಕಾಯಿಲೆಯ ಬೆನ್ನು ಹತ್ತಿತ್ತು. ನರರೋಗ ತಜ್ಞೆ ಎಂ. ಗೌರಿದೇವಿ ನಿಮ್ಹಾನ್ಸ್‌ನಲ್ಲಿದ್ದರು. ಪುಣೆಯ ಸಂಸ್ಥೆಯನ್ನು ಮುನ್ನಡೆಸುತ್ತಿದ್ದವರು ವೈರಾಣು ತಜ್ಞೆ ಖೋರ್ಶೆದ್ ಪಾವ್ರಿ. ಎರಡೂ ಸಂಸ್ಥೆಯವರು ಸೇರಿ ಮಾಡಿದ ಕೆಲಸದಿಂದ 1984ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಒಂದು ಪ್ರಬಂಧ ಬಂತು. ಮಿದುಳುಜ್ವರದಿಂದ ಸತ್ತ ಮೈಸೂರು, ಕೋಲಾರ ಜಿಲ್ಲೆಗಳ ಮಕ್ಕಳ ಮಿದುಳಿನಲ್ಲಿ ಅವರಿಗೆ ಸಿಕ್ಕಿದ್ದು ಜಪಾನೀಸ್ ಮಿದುಳುಜ್ವರದ ವೈರಾಣು ಅಲ್ಲ, ಅದರ ದಾಯಾದಿ ವೆಸ್ಟ್ ನೈಲ್. ಆಸ್ಪತ್ರೆಯ ಮಂಚದ ಪಕ್ಕ ನಿಂತು ನೋಡಿದರೆ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ವೈದ್ಯರು ಒಬ್ಬರೇ ಆಗಿದ್ದರೆ ಎಲ್ಲವನ್ನೂ ಒಂದೇ ಕಾಯಿಲೆ ಎಂದು ಬರೆದುಕೊಳ್ಳುತ್ತಿದ್ದರು. ವೈರಾಣು ತಜ್ಞರು ಒಬ್ಬರೇ ಆಗಿದ್ದರೆ ಮಾದರಿಯೇ ಸಿಗುತ್ತಿರಲಿಲ್ಲ. ಮಗುವನ್ನು ಆಗಷ್ಟೇ ಕಳೆದುಕೊಂಡ ತಂದೆತಾಯಿಯ ಮುಂದೆ ಕೂತು ಅದರ ಮಿದುಳಿನ ಒಂದು ಚೂರು ಕೊಡಿ ಎಂದು ಕೇಳಬೇಕು. ಕೊಟ್ಟವರ ಹೆಸರು ಯಾವ ಪ್ರಬಂಧದಲ್ಲೂ ಇರುವುದಿಲ್ಲ. ಈ ಇಡೀ ಕಥೆಯಲ್ಲಿ ಎಲ್ಲರಿಗಿಂತ ಹೆಚ್ಚು ಕೊಟ್ಟವರು ಅವರೇ.

ಅದೇ ಕಾಲದಲ್ಲಿ, 1980ರ ದಶಕದ ಮೊದಲ ವರ್ಷಗಳಲ್ಲಿ, ಕೋಲಾರದ ರೋಗಿಯೊಬ್ಬರಿಂದ ಜಪಾನೀಸ್ ಮಿದುಳುಜ್ವರದ ಒಂದು ವೈರಾಣುವನ್ನು ಬೇರ್ಪಡಿಸಿದರು. ಅದಕ್ಕೆ ಬಿದ್ದ ಸಂಖ್ಯೆ 821564-ಎಕ್ಸ್‌ವೈ. ಪುಣೆಯ ಸಂಸ್ಥೆ ಅದರ ಗುಣಲಕ್ಷಣಗಳನ್ನು ಗುರುತಿಸಿ ಕಾಪಾಡಿಟ್ಟುಕೊಂಡಿತು. ಆಗ ಭಾರತದಲ್ಲಿ ಈ ಕಾಯಿಲೆಗೆ ಇದ್ದ ಲಸಿಕೆ ಹಿಮಾಚಲದ ಕಸೌಲಿಯಲ್ಲಿ ಇಲಿಮರಿಗಳ ಮಿದುಳಿನಿಂದ ತಯಾರಾಗುತ್ತಿದ್ದದ್ದು. ಅದನ್ನು ದೊಡ್ಡ ಪ್ರಮಾಣದಲ್ಲಿ ಮಾಡುವುದು ಕಷ್ಟ. 2006ರಿಂದ ಚೀನಾದ ಲಸಿಕೆ ತರಿಸಿ ಕಾಯಿಲೆ ಹೆಚ್ಚಿದ್ದ ಜಿಲ್ಲೆಗಳಲ್ಲಿ ಮಕ್ಕಳಿಗೆ ಹಾಕಿದರು. ಈ ನಡುವೆ ಪುಣೆಯವರು ಕೋಲಾರದ ವೈರಾಣುವನ್ನು ಹೈದರಾಬಾದ್‌ನ ಭಾರತ್ ಬಯೋಟೆಕ್‌ಗೆ ಕೊಟ್ಟರು. ಅದನ್ನು ವೆರೊ ಜೀವಕೋಶಗಳಲ್ಲಿ ಬೆಳೆಸಿ, ಕೊಂದು, ಲಸಿಕೆ ಮಾಡಿದರು. ಆ ಜೀವಕೋಶಗಳದ್ದೂ ಒಂದು ಪ್ರಯಾಣ: ಆಫ್ರಿಕಾದ ಹಸಿರು ಮಂಗದ ಮೂತ್ರಪಿಂಡದಿಂದ 1962ರಲ್ಲಿ ಜಪಾನಿನ ಸಂಶೋಧಕರು ಬೆಳೆಸಿ ಜಗತ್ತಿಗೆ ಹಂಚಿದ ಸಂತಾನ ಅದು. 2013ರ ಅಕ್ಟೋಬರ್‌ನಲ್ಲಿ ಜೆನ್‌ವ್ಯಾಕ್ ಎಂಬ ಹೆಸರಿನಲ್ಲಿ ಲಸಿಕೆ ಬಿಡುಗಡೆಯಾಯಿತು. ದೇಶದ ಯಾವ ಮೂಲೆಯಲ್ಲಿ ಯಾವ ಮಗು ಆ ಸೂಜಿ ಚುಚ್ಚಿಸಿಕೊಂಡರೂ ಒಳಗೆ ಹೋಗುವುದು ಕೋಲಾರದ ವೈರಾಣು. ನಮ್ಮ ಶಾಲೆಗಳಲ್ಲಿ ಇದನ್ನು ಮಕ್ಕಳಿಗೆ ಹೇಳಿಕೊಡಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಚಿನ್ನದ ಗಣಿಯ ಬಗ್ಗೆ ಹೇಳುತ್ತೇವೆ, ಹಾಲು ರೇಷ್ಮೆಯ ಬಗ್ಗೆ ಹೇಳುತ್ತೇವೆ, ಇದನ್ನು ಹೇಳುವುದಿಲ್ಲ.

2020ರಲ್ಲಿ ಕೊರೊನಾ ಲಸಿಕೆ ಕೋವ್ಯಾಕ್ಸಿನ್ ಮಾಡಲು ಕೂತದ್ದೂ ಇದೇ ಜೋಡಿ. ವೈರಾಣು ಪುಣೆಯದು, ಕಾರ್ಖಾನೆ ಹೈದರಾಬಾದಿನದು, ಜೀವಕೋಶ ವೆರೊ, ಕೊಂದ ವೈರಾಣುವಿನ ಅದೇ ವಿಧಾನ. ಅಷ್ಟು ಹೊತ್ತಿಗೆ ಗೌರಿಬಿದನೂರು ರಾಜ್ಯದ ಮೊದಲ ಕೊರೊನಾ ಕೇಂದ್ರಗಳಲ್ಲಿ ಒಂದಾಗಿ, ಮಾರ್ಚ್ ತಿಂಗಳಲ್ಲೇ ಬೀದಿಗಳಿಗೆ ಬ್ಯಾರಿಕೇಡ್ ಬಿದ್ದಿತ್ತು. 2021ರ ಜನವರಿ 3ರಂದು ಕೋವ್ಯಾಕ್ಸಿನ್‌ಗೆ ತುರ್ತು ಅನುಮತಿ ಸಿಕ್ಕಿತು. ಕೋಲಾರದ ವೈರಾಣು ಲಸಿಕೆಯಾಗಲು ಹಿಡಿದದ್ದು 30 ವರ್ಷ. ಕೊರೊನಾಕ್ಕೆ ಒಂದು ವರ್ಷವೂ ಹಿಡಿಯಲಿಲ್ಲ. ವಿಜ್ಞಾನ ಮುಂದುವರಿದದ್ದು ನಿಜ. ಆದರೆ ಆ 30 ವರ್ಷ ಸಾಯುತ್ತಿದ್ದವರು ಕೆರೆಯ ಕೆಳಗಿನ ಹಳ್ಳಿಗಳ ಬಡವರ ಮಕ್ಕಳು ಎನ್ನುವುದೂ ಅಷ್ಟೇ ನಿಜ.

ಕೂಡಿ ಕೆಲಸ ಮಾಡುವುದು ಎಂದರೆ ಎಲ್ಲರೂ ಒಳ್ಳೆಯ ಮನಸ್ಸಿನಿಂದ ಕೂತು ಮಾತಾಡುವುದು ಎಂದು ತಿಳಿದರೆ ಆಗಲಿಲ್ಲ. ಅದಕ್ಕೆ ನಂಬಿಕೆ ಬೇಕು, ಮತ್ತು ನಂಬಿಕೆ ಮುರಿದರೆ ಎಷ್ಟು ನಷ್ಟ ಎನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಊರಿನವರಿಗೂ ಜ್ವರ. ಹಳದಿ ಜ್ವರವೇ ಭಾರತಕ್ಕೆ ಬಂತೋ ಎಂದು ಗಾಬರಿಬಿದ್ದು ಪುಣೆಯ ತಂಡ ಬಂತು. ವೈದ್ಯ ಟೆಲ್ಫರ್ಡ್ ವರ್ಕ್, ಪ್ರಾಣಿಶಾಸ್ತ್ರಜ್ಞ ಹೆರಾಲ್ಡ್ ಟ್ರಾಪಿಡೊ, ಕೀಟಶಾಸ್ತ್ರಜ್ಞ ಟಿ. ರಾಮಚಂದ್ರ ರಾವ್, ಕಾಡಿನಲ್ಲಿ ವರ್ಷಗಟ್ಟಲೆ ಉಣುಗುಗಳ ಜಾಡು ಹಿಡಿದ ಪಿ.ಕೆ. ರಾಜಗೋಪಾಲನ್ ಮುಂತಾದವರ ದುಡಿಮೆಯಿಂದ ಮಂಗ, ಉಣುಗು, ಮನುಷ್ಯ ಮೂರಕ್ಕೂ ಇದ್ದ ಸಂಬಂಧ ಬಯಲಾಯಿತು. ರೋಗಿಯ ರಕ್ತ ತೆಗೆಯುವವರು, ಸತ್ತ ಮಂಗ ಕೊಯ್ಯುವವರು, ಉಣುಗು ಆರಿಸುವವರು ಒಂದೇ ಕಾಡಿನಲ್ಲಿ, ಒಂದೇ ತಂಡವಾಗಿ ದುಡಿದದ್ದರಿಂದ ಅದು ಬೇಗ ಸಾಧ್ಯವಾಯಿತು.

ಸಿಕ್ಕಿದ ವೈರಾಣು ರಷ್ಯಾದ ಒಂದು ವೈರಾಣುವಿಗೆ ಹತ್ತಿರದ್ದಾಗಿತ್ತು. ಸೈಬೀರಿಯಾದಿಂದ ಬರುವ ವಲಸೆ ಹಕ್ಕಿಗಳ ಮೈಮೇಲಿನ ಉಣುಗು ಇದನ್ನು ತಂದಿರಬಹುದೇ ಎಂದು ಸಂಶಯ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿ ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕೆಲಸ ಶುರುಮಾಡಿದರು. ಮುಂದೆ ಅದಕ್ಕೆ ಅಮೆರಿಕದ ಸೇನೆಯ ಸಂಶೋಧನಾ ವಿಭಾಗದ ಹಣವೂ ಸೇರಿತು. ಅಲ್ಲಿಂದ ಗುಮಾನಿ. ಇವರು ರೋಗ ತಡೆಯಲು ಬಂದವರೋ, ರೋಗವನ್ನೇ ಆಯುಧ ಮಾಡಲು ಬಂದವರೋ? 1974-75ರಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಇಂಥ ವಿದೇಶಿ ಸಹಯೋಗಗಳನ್ನೆಲ್ಲ ಕಟುವಾಗಿ ಪ್ರಶ್ನಿಸಿತು. ದೆಹಲಿಯಲ್ಲಿ ಸೊಳ್ಳೆಗಳ ತಳಿ ನಿಯಂತ್ರಣದ ಪ್ರಯೋಗ ನಡೆಸುತ್ತಿದ್ದ ಘಟಕದ ಬಾಗಿಲು ಮುಚ್ಚಿತು. ಗುಮಾನಿಗೆ ಕಾರಣವೇ ಇರಲಿಲ್ಲ ಎಂದು ನಾನು ಹೇಳಲಾರೆ. ದುಡ್ಡು ಯಾರದು, ಮಾದರಿ ಎಲ್ಲಿಗೆ ಹೋಗುತ್ತದೆ, ಅದರಿಂದ ಏನು ಮಾಡುತ್ತಾರೆ ಎಂದು ಊರಿನವರಿಗೂ ದೇಶಕ್ಕೂ ಬಿಚ್ಚಿ ಹೇಳದಿದ್ದರೆ ಒಳ್ಳೆಯ ಕೆಲಸವೂ ಕೆಡುತ್ತದೆ.

ನಂಬಿಕೆಯ ಈ ಪ್ರಶ್ನೆ ಇವತ್ತಿಗೂ ಬಗೆಹರಿದಿಲ್ಲ. ನಂಬಿ ಹಂಚಿಕೊಂಡರೆ ಕೆಲಸ ಬೇಗ ಆಗುತ್ತದೆ ಎನ್ನುವುದೇನೋ ಗೊತ್ತಿದೆ. 2003ರಲ್ಲಿ ಸಾರ್ಸ್ ಕಾಯಿಲೆ ಬಂದಾಗ ವಿಶ್ವ ಆರೋಗ್ಯ ಸಂಸ್ಥೆ ಒಂಬತ್ತು ದೇಶಗಳ 11 ಪ್ರಯೋಗಾಲಯಗಳನ್ನು ಮಾರ್ಚ್ 17ರಂದು ಒಂದುಗೂಡಿಸಿತು. ಒಬ್ಬರನ್ನೊಬ್ಬರು ಮೀರಿಸಲು ಹೊರಡುತ್ತಿದ್ದವರು ದಿನಾಲೂ ಫೋನಿನಲ್ಲಿ ಸೇರಿ ಅಂದಂದಿನ ಫಲಿತಾಂಶ ಹಂಚಿಕೊಂಡರು. ಒಂದು ತಿಂಗಳಲ್ಲಿ, ಏಪ್ರಿಲ್ 16ಕ್ಕೆ, ವೈರಾಣು ಯಾವುದೆಂದು ಘೋಷಣೆಯಾಯಿತು. 2021ರ ನವೆಂಬರ್‌ನಲ್ಲಿ ಬೋಟ್ಸ್‌ವಾನಾ ಮತ್ತು ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು ಕೊರೊನಾದ ಹೊಸ ರೂಪ ಒಮಿಕ್ರಾನ್‌ನ ತಳಿಸಂಕೇತವನ್ನು ಕಂಡ ಕೂಡಲೇ ಜಗತ್ತಿನ ಮುಂದಿಟ್ಟರು. ಅದರಿಂದಲೇ ಕೆಲವೇ ದಿನಗಳಲ್ಲಿ, ಡಿಸೆಂಬರ್ 2ರಂದು, ನಮ್ಮ ದೇಶದ ಮೊದಲ ಎರಡು ಒಮಿಕ್ರಾನ್ ಪ್ರಕರಣ ಬೆಂಗಳೂರಿನಲ್ಲಿ ಗುರುತಾದವು. ಹೇಳಿದ ತಪ್ಪಿಗೆ ಆ ದೇಶಗಳಿಗೆ ಸಿಕ್ಕಿದ್ದು ವಿಮಾನ ನಿಷೇಧ. 2025ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಸಾಂಕ್ರಾಮಿಕ ಒಪ್ಪಂದವನ್ನು ಅಂಗೀಕರಿಸಿದಾಗಲೂ ವೈರಾಣು ಕೊಟ್ಟ ದೇಶಕ್ಕೆ ಲಸಿಕೆಯಲ್ಲಿ ಪಾಲು ಎಷ್ಟು ಎಂಬ ಅಧ್ಯಾಯವನ್ನು ಮುಂದಿನ ಮಾತುಕತೆಗೆ ಬಿಟ್ಟರು.

ಬೇಗ ಹೇಳಿದರೆ ಜೀವ ಉಳಿಯುತ್ತದೆ ಎನ್ನುವುದಕ್ಕೆ ಮಣಿಪಾಲದ ಉದಾಹರಣೆ ಇದೆ. 2018ರ ಮೇ ತಿಂಗಳಲ್ಲಿ ಕೇರಳದ ಕೋಯಿಕ್ಕೋಡಿನ ಪೇರಾಂಬ್ರ ಕಡೆಯ ಒಂದು ಮನೆಯಲ್ಲಿ ಒಬ್ಬರ ಹಿಂದೆ ಒಬ್ಬರು ಮಿದುಳುಜ್ವರಕ್ಕೆ ಬಿದ್ದಾಗ ಅಲ್ಲಿನ ಆಸ್ಪತ್ರೆಯ ವೈದ್ಯರು ಸಂಶಯಪಟ್ಟು ಮಾದರಿಗಳನ್ನು ಮಣಿಪಾಲದ ವೈರಾಣು ಸಂಶೋಧನಾ ಕೇಂದ್ರಕ್ಕೆ ಕಳಿಸಿದರು. ಜಿ. ಅರುಣ್‌ಕುಮಾರ್ ನೇತೃತ್ವದ ತಂಡ ನಿಫಾ ವೈರಾಣು ಎಂದು ಗುರುತಿಸಿತು. ಮೇ 20ಕ್ಕೆ ಪುಣೆ ಅದನ್ನು ದೃಢಪಡಿಸಿತು. ಮನೆಯ ಎರಡನೇ ರೋಗಿಯ ಹಂತದಲ್ಲೇ ಕಾಯಿಲೆಗೆ ಹೆಸರು ಸಿಕ್ಕಿದ್ದರಿಂದ ಆಸ್ಪತ್ರೆಗಳು ಎಚ್ಚೆತ್ತವು. ಎರಡು ರಾಜ್ಯ, ಒಂದು ಖಾಸಗಿ ಆಸ್ಪತ್ರೆ, ಒಂದು ವಿಶ್ವವಿದ್ಯಾಲಯ, ಒಂದು ಕೇಂದ್ರ ಸಂಸ್ಥೆ. ಯಾರೂ ಇನ್ನೊಬ್ಬರ ಪತ್ರಕ್ಕೆ ಕಾಯುತ್ತ ಕೂರಲಿಲ್ಲ.

ನಮ್ಮ ಜಿಲ್ಲೆಯಲ್ಲಿ ಗಮನಿಸಬೇಕಾದ ತೊಡಕು ಬೇರೆ. ಇಲ್ಲಿ ವೈರಾಣುಗಳು ಒಂದು ಇಲಾಖೆಯ ಒಳಗೆ ನಿಲ್ಲುವುದಿಲ್ಲ. 2025ರ ಫೆಬ್ರವರಿ ಕೊನೆಯಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಕೋಳಿಗಳು ಸತ್ತವು. ಮಾದರಿ ಭೋಪಾಲ್‌ನ ಅತಿ ಭದ್ರತೆಯ ಪಶುರೋಗ ಪ್ರಯೋಗಾಲಯಕ್ಕೆ ಹೋಗಿ ಹಕ್ಕಿಜ್ವರ ಎಂದು ಖಚಿತವಾಯಿತು. ಊರಿನ ಕೋಳಿಗಳನ್ನು ಕೊಂದು ಹೂಳಿದರು. ಇದು ಪಶುಪಾಲನಾ ಇಲಾಖೆಯ ಕೆಲಸ. ಕೋಳಿ ಮುಟ್ಟಿದವರಿಗೆ ಜ್ವರ ಇದೆಯೇ ಎಂದು ನೋಡುವುದು ಆರೋಗ್ಯ ಇಲಾಖೆಯ ಕೆಲಸ. ನಮ್ಮಲ್ಲಿಂದ ಬೆಂಗಳೂರಿಗೆ ಹೋಗುವಾಗ ಸಿಗುವ ಯಲಹಂಕದಲ್ಲಿ ನಿವೇದಿ ಎಂಬ ಕೇಂದ್ರ ಸಂಸ್ಥೆ ಇದೆ. ಯಾವ ಜಿಲ್ಲೆಯಲ್ಲಿ ಯಾವ ಜಾನುವಾರು ರೋಗ ಬರುವ ಸಂಭವ ಇದೆ ಎಂದು ಎರಡು ತಿಂಗಳು ಮೊದಲೇ ಲೆಕ್ಕ ಹಾಕಿ ಹೇಳುವುದು ಅದರ ಕೆಲಸ. ಮನುಷ್ಯ, ಪಶು, ಪರಿಸರ ಮೂರರ ಆರೋಗ್ಯವನ್ನೂ ಒಟ್ಟಿಗೆ ನೋಡುವ ಪ್ರಾಯೋಗಿಕ ಯೋಜನೆಯನ್ನು ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಬೆಂಗಳೂರಿನಲ್ಲೇ ಆರಂಭಿಸಿತು. ಸಂಸ್ಥೆಗಳ ಕೊರತೆ ನಮಗಿಲ್ಲ.

ಈ ಪಟ್ಟಿಯಲ್ಲಿ ರೇಷ್ಮೆ ಇಲಾಖೆ ಯಾವಾಗಲೂ ಬಿಟ್ಟುಹೋಗುತ್ತದೆ. ಶಿಡ್ಲಘಟ್ಟದ ಯಾವುದೇ ಹುಳುಮನೆಗೆ ಹೋಗಿ ಕೇಳಿ, ವೈರಾಣು ಎಂದರೇನು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಲುತೊಂಡೆ ಎಂಬ ವೈರಾಣು ರೋಗ ಬಂದ ರೇಷ್ಮೆ ಹುಳು ಉಬ್ಬಿ, ಮೈ ಹಳದಿಗೆ ತಿರುಗಿ, ಸೊಪ್ಪು ಬಿಟ್ಟು ತಟ್ಟೆಯ ಅಂಚಿನಲ್ಲಿ ಸುಮ್ಮನೆ ಹರಿದಾಡುತ್ತದೆ. ಚರ್ಮ ಎಷ್ಟು ತೆಳುವಾಗುತ್ತದೆಂದರೆ ಬೆರಳು ತಾಗಿದರೆ ಒಡೆದು ಹಾಲಿನಂಥ ದ್ರವ ಸೋರುತ್ತದೆ. ಆ ಹನಿಯಲ್ಲಿ ಲೆಕ್ಕವಿಲ್ಲದಷ್ಟು ವೈರಾಣು. ಗಟ್ಟಿ ಕವಚದೊಳಗೆ ಕೂತು ಅದು ನೆಲದ ಮಣ್ಣಿನಲ್ಲಿ, ಗೋಡೆಯ ಧೂಳಿನಲ್ಲಿ ಮುಂದಿನ ಬೆಳೆಗಾಗಿ ಕಾಯುತ್ತದೆ. ಔಷಧಿ ಇಲ್ಲ. ಅದಕ್ಕೇ ನಮ್ಮ ರೇಷ್ಮೆ ರೈತರು ಬೆಳೆ ಬೆಳೆಗೂ ಮನೆ ತೊಳೆದು, ಬ್ಲೀಚಿಂಗ್ ಪೌಡರ್ ಸಿಂಪಡಿಸಿ, ಬಾಗಿಲಲ್ಲಿ ಸುಣ್ಣ ಹರಡಿ, ಜ್ವರದಿಂದ, ಅಂದರೆ ಪೊರೆ ಕಳಚುವ ಹಂತದಿಂದ, ಎದ್ದ ಹುಳುವಿಗೆ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯ ವಿಜೇತ ಪುಡಿ ಉದುರಿಸುತ್ತಾರೆ. ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಕೊರೊನಾ ಕಾಲದಲ್ಲಿ ನಾಡಿಗೆಲ್ಲ ಹೊಸದಾಗಿ ಕಲಿಸಿದ್ದನ್ನು ಇವರು ತಲೆಮಾರುಗಳಿಂದ ಮಾಡುತ್ತ ಬಂದಿದ್ದಾರೆ.

ಈ ವೈರಾಣುವಿನ ಮೇಲೂ ದೊಡ್ಡ ಕೂಡುಕೆಲಸ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಪಿ. ಗೋಪಿನಾಥನ್ ವರ್ಷಗಟ್ಟಲೆ ಇದನ್ನು ಅಧ್ಯಯನ ಮಾಡಿದರು. ಹೈದರಾಬಾದ್‌ನಲ್ಲಿ ಜೆ. ನಾಗರಾಜು ಅವರ ತಂಡ ಫ್ರಾನ್ಸಿನ ವಿಜ್ಞಾನಿಗಳ ಜೊತೆ ಸೇರಿ, ಗೌರಿಬಿದನೂರಿನ ಪಕ್ಕದ ಹಿಂದೂಪುರದ ಕಿರಿಕೆರೆಯಲ್ಲಿರುವ ಆಂಧ್ರದ ರೇಷ್ಮೆ ಸಂಶೋಧನಾ ಸಂಸ್ಥೆಯ ನೆರವಿನಿಂದ, ಹಾಲುತೊಂಡೆಯನ್ನು ತಡೆದುಕೊಳ್ಳುವ ಹುಳುಗಳನ್ನು ಪ್ರಯೋಗಾಲಯದಲ್ಲಿ ರೂಪಿಸಿತು. ಗಿಡದ ವೈರಾಣುವಿನ ವಿಷಯದಲ್ಲೂ ಹೀಗೇ ಆಯಿತು: 1999ರಲ್ಲಿ ಕೋಲಾರದ ಟೊಮ್ಯಾಟೊ ತೋಟಗಳಿಗೆ ಹೊಸ ಬಗೆಯ ಬಿಳಿನೊಣ ನುಗ್ಗಿ ಎಲೆ ಮುದುರು ರೋಗ ಹೊಲಕ್ಕೆ ಹೊಲವನ್ನೇ ತೆಗೆದಾಗ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ವಿ. ಮುನಿಯಪ್ಪ ಅವರ ತಂಡ ಇಂಗ್ಲೆಂಡ್, ತೈವಾನ್ ಸಂಸ್ಥೆಗಳ ಜೊತೆ ಸೇರಿ ರೋಗ ತಡೆಯುವ ಮೂರು ತಳಿ ಕೊಟ್ಟಿತು: ಸಂಕ್ರಾಂತಿ, ನಂದಿ, ವೈಭವ್.

ರೇಷ್ಮೆಯ ಮಾತು ಎತ್ತಿದ್ದಕ್ಕೆ ಇನ್ನೂ ಒಂದು ಕಾರಣ ಇದೆ. ಝಿಕಾ ಸಿಕ್ಕಿದ ಊರಿನಲ್ಲಿ ಸರ್ಕಾರಕ್ಕೆ ಮೊದಲು ನೆನಪಾಗುವುದು ಫಾಗಿಂಗ್. ಸೊಳ್ಳೆ ಕೊಲ್ಲುವ ಆ ಹೊಗೆ ರೇಷ್ಮೆ ಹುಳುವನ್ನೂ ಕೊಲ್ಲುತ್ತದೆ. ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತ ಔಷಧಿಯ ಪಸೆಯೂ ಸಾಕು. ನಾಲ್ಕನೇ ಜ್ವರ ಎದ್ದು ಹಣ್ಣಾಗಲು, ಅಂದರೆ ಗೂಡು ಕಟ್ಟಲು, ಕೆಲವೇ ದಿನ ಇರುವ ಹುಳು ಮನೆಯಲ್ಲಿದ್ದಾಗ ಬೀದಿಯಲ್ಲಿ ಹೊಗೆಯಂತ್ರ ಬಂದರೆ ಆ ಕುಟುಂಬ ಸಾಲದಲ್ಲಿ ಬಿದ್ದಂತೆ. ಇಂಥ ಊರಿಗೆ ಬೆಂಗಳೂರಿನಲ್ಲಿ ಬರೆದ ಸುತ್ತೋಲೆ ಸಾಲದು. ಯಾವ ಮನೆಯಲ್ಲಿ ಹುಳು ಯಾವ ಹಂತದಲ್ಲಿದೆ ಎಂದು ರೇಷ್ಮೆ ವಿಸ್ತರಣಾಧಿಕಾರಿಗೆ ಗೊತ್ತು, ಯಾವ ಮನೆಯಲ್ಲಿ ಬಸುರಿ ಇದ್ದಾಳೆ ಎಂದು ಆಶಾ ಕಾರ್ಯಕರ್ತೆಗೆ ಗೊತ್ತು. ಇಬ್ಬರನ್ನೂ ವೈರಾಣು ತಜ್ಞರ ಜೊತೆ ಒಂದೇ ಚಾಪೆಯ ಮೇಲೆ ಕೂರಿಸಿದ ದಿನ ಸಹಯೋಗ ಎಂಬುದು ಊರಿನ ಮಟ್ಟಕ್ಕೆ ಇಳಿಯುತ್ತದೆ.

ಇನ್ನು ತಲಕಾಯಲಬೆಟ್ಟದ ಫಲಿತಾಂಶ ಬರಲು ಹಿಡಿದ ಎರಡು ತಿಂಗಳ ಮಾತು. ಆಗಸ್ಟಿನಲ್ಲಿ ಹಿಡಿದ ಸೊಳ್ಳೆಯ ಫಲಿತಾಂಶ ಬಂದದ್ದು ಅಕ್ಟೋಬರ್ ಕೊನೆಗೆ. ಹೆಣ್ಣು ಈಡಿಸ್ ಬದುಕುವುದು ಹೆಚ್ಚೆಂದರೆ ಕೆಲವು ವಾರ. ಉತ್ತರ ಬರುವ ಹೊತ್ತಿಗೆ ಆ ಸೊಳ್ಳೆಯ ಮರಿಮಕ್ಕಳು ಹಾರಾಡುತ್ತಿರುತ್ತವೆ. ಆ ಅವಧಿಯಲ್ಲಿ ಮೊದಲ ತಿಂಗಳ ಗರ್ಭಿಣಿಯಾಗಿದ್ದ ಹೆಣ್ಣುಮಗಳಿಗೆ ಎಚ್ಚರಿಕೆ ತಲುಪುವುದು ಮೂರನೇ ತಿಂಗಳಲ್ಲಿ. ಝಿಕಾ ಕೂಸಿನ ಮಿದುಳಿಗೆ ಹೆಚ್ಚು ಹಾನಿ ಮಾಡುವುದು ಈ ಮೊದಲ ತಿಂಗಳುಗಳಲ್ಲೇ. ತಲಕಾಯಲಬೆಟ್ಟದಲ್ಲಿ ಯಾರಿಗೂ ಏನೂ ಆಗಲಿಲ್ಲ, ಅದು ನಮ್ಮ ಪುಣ್ಯ. ಪರೀಕ್ಷೆಗೆ ಬೇಕಾಗುವುದು ಒಂದೆರಡು ದಿನ. ಉಳಿದ ದಿನಗಳೆಲ್ಲ ಸೀಸೆಗಳು ಸೇರುವುದಕ್ಕೆ, ಸರದಿ ಬರುವುದಕ್ಕೆ, ಕಾಗದ ಮೇಲಿನಿಂದ ಕೆಳಗೆ ಇಳಿಯುವುದಕ್ಕೆ ಹೋಗುತ್ತವೆ. ಸೊಳ್ಳೆ ಮಾದರಿಯ ಫಲಿತಾಂಶ ಎರಡು ವಾರದೊಳಗೆ ಗ್ರಾಮ ಪಂಚಾಯಿತಿಗೆ ಬರಬೇಕು ಎಂದು ಕೇಳುವ ಹಕ್ಕು ಸೊಳ್ಳೆ ಹಿಡಿಯಲು ಮನೆ ಬಾಗಿಲು ತೆರೆದ ಊರಿಗೆ ಇದೆ.

ಪಂಚಾಯಿತಿಗೆ ಬಂದ ಮೇಲೆ ಮಾಡಬೇಕಾದ ಕೆಲಸ ನೀರಿನದು. ಈ ಭಾಗದಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ, ಕೊಳವೆಬಾವಿಗಳು ಪಾತಾಳ ಮುಟ್ಟಿವೆ. ಎಷ್ಟೋ ಹಳ್ಳಿಗಳಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ, ಬಂದ ದಿನ ಡ್ರಮ್ಮು, ಸಂಪು, ಸಿಮೆಂಟ್ ತೊಟ್ಟಿ, ಕೊಡ ಎಲ್ಲದರಲ್ಲೂ ತುಂಬಿಡುತ್ತಾರೆ. ಈಡಿಸ್‌ಗೆ ಬೇಕಾದ್ದು ಅದೇ ತಿಳಿನೀರು. ಮೊಟ್ಟೆ ಹಾರುವ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಅದು ಮೊಟ್ಟೆ ಅಂಟಿಸುವುದು ನೀರಿನ ಮಟ್ಟಕ್ಕಿಂತ ತುಸು ಮೇಲೆ, ತೊಟ್ಟಿಯ ಗೋಡೆಗೆ. ನೀರು ಚೆಲ್ಲಿದರೆ ಮೊಟ್ಟೆ ಹೋಗುವುದಿಲ್ಲ, ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ, ಮತ್ತೆ ನೀರು ತುಂಬಿದಾಗ ಮರಿಯಾಗುತ್ತದೆ. ವಾರಕ್ಕೊಮ್ಮೆ ತೊಟ್ಟಿ ಬರಿದು ಮಾಡಿ ತೆಂಗಿನ ನಾರಿನಿಂದ ಗೋಡೆ ಉಜ್ಜಬೇಕು. ಮತ್ತೆ ನೀರು ಯಾವಾಗ ಬರುತ್ತದೋ ಗೊತ್ತಿಲ್ಲದ ಮನೆಯಾಕೆ ತುಂಬಿದ ತೊಟ್ಟಿಯನ್ನು ಯಾವ ಧೈರ್ಯದ ಮೇಲೆ ಬರಿದು ಮಾಡಿಯಾಳು? ಇಂಥ ದಿನ, ಇಂಥ ಬೀದಿಗೆ ನೀರು ಎಂದು ಮೊದಲೇ ಹೇಳಿ, ಹೇಳಿದಂತೆ ಬಿಡುವ ನೀರುಗಂಟಿ ಇದ್ದರೆ ಅವಳು ಹಿಂದಿನ ದಿನವೇ ತೊಟ್ಟಿ ಉಜ್ಜಿ ಬೋರಲು ಹಾಕುತ್ತಾಳೆ. ಜಿಲ್ಲೆಯ ಮುಂದಿನ ಝಿಕಾ ಸಭೆಗೆ ಕರೆಯುವವರ ಪಟ್ಟಿ ಬರೆಯುವಾಗ ಪುಣೆ, ಬೆಂಗಳೂರುಗಳ ತಜ್ಞರ ಕೆಳಗೆ ಊರೂರಿನ ನೀರುಗಂಟಿಯ ಹೆಸರನ್ನೂ ಬರೆದುಕೊಳ್ಳಬೇಕು.